ಸ್ಲೋ ಪಿಚ್ ಸಾಫ್ಟ್‌ಬಾಲ್: ಪಿಚಿಂಗ್ ಕಲಿಯೋದು ಹೇಗೆ? ವಾಕ್ ಕೊಟ್ಟು ಕೊಟ್ಟು ಸಾಕಾಗಿದೆ

ಡಾಲಸ್_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಆಫೀಸಿನ ಸ್ಲೋ ಪಿಚ್ ಸಾಫ್ಟ್‌ಬಾಲ್ (ಬೇಸ್‌ಬಾಲ್ ತರಹದ್ದೇ, ಆದರೆ ಚೆಂಡನ್ನು ಕೆಳಗಿಂದ ಮೆಲ್ಲಗೆ ಎತ್ತಿ ಹಾಕೋ ಆಟ) ಟೀಮಿನಲ್ಲಿ ಆಡುತ್ತಿದ್ದೇನೆ. ಸಿಟಿಯವರು ನಡೆಸುವ ಕೋ-ಎಡ್ (ಗಂಡಸರು ಹೆಂಗಸರು ಸೇರಿ ಆಡೋ) ಲೀಗ್, ಗುರುವಾರ ಸಂಜೆ ಲೈಟ್ ಹಾಕಿ ಆಡಿಸುತ್ತಾರೆ. ಇಷ್ಟು ದಿನ ರೈಟ್ ಫೀಲ್ಡ್‌ನಲ್ಲಿ ಸುಮ್ನೆ ನಿಂತಿರುತ್ತಿದ್ದೆ, ಆರಾಮಾಗಿತ್ತು. ನಮ್ಮ ಪಿಚರ್ (ಚೆಂಡು ಹಾಕುವವರು) ಕೆಲಸ ಬದಲಾಯಿಸಿ ಬೇರೆ ಊರಿಗೆ ಹೋದರು. "ನೀನು ಇಂಡಿಯಾದವನು, ಕ್ರಿಕೆಟ್ ಆಡಿರ್ತೀಯ, ನೀನೇ ಹಾಕು" ಅಂತ ಕ್ಯಾಪ್ಟನ್ ಚೆಂಡು ಕೈಗಿಟ್ಟುಬಿಟ್ಟರು.

ದೂರದಿಂದ ನೋಡಿದರೆ ಮಕ್ಕಳಾಟ. ಕೆಳಗಿಂದ ಕೈ ಬೀಸಿ ಚೆಂಡನ್ನು ಮೇಲಕ್ಕೆ ಎಸೆಯೋದು, ಅಷ್ಟೇ ತಾನೆ? ಆದರೆ ಸ್ವಲ್ಪ ಚಪ್ಪಟೆಯಾಗಿ ಹಾಕಿದರೆ ಅಂಪೈರ್ "ಇಲ್ಲೀಗಲ್" ಅಂತ ಕೂಗುತ್ತಾರೆ. ಎತ್ತರಕ್ಕೆ ಹಾಕಿದರೆ ಒಂದು ಪ್ಲೇಟಿನ (ಬ್ಯಾಟರ್ ಪಕ್ಕ ನೆಲದಲ್ಲಿರೋ ಹಲಗೆ) ಮುಂದೆ ಬೀಳುತ್ತದೆ, ಇನ್ನೊಂದು ಕ್ಯಾಚರ್ ತಲೆ ಮೇಲೆ ಹೋಗುತ್ತದೆ. ವಾಕ್ ಮೇಲೆ ವಾಕ್ (ನಾಲ್ಕು ಚೆಂಡು ತಪ್ಪಿದರೆ ಬ್ಯಾಟರ್ ಪುಕ್ಕಟೆ ಬೇಸ್‌ಗೆ ಹೋಗೋದು). ಹೇಗೋ ಒಂದು ಪ್ಲೇಟ್ ಮೇಲೆ ಬಂತು ಅಂದರೆ ಅದನ್ನು ನೆಟ್ಟಗೆ ನನ್ನ ಕಡೆಗೇ ಬಾರಿಸುತ್ತಾರೆ.

ಎತ್ತರ, ಲೆಂಗ್ತ್ ಎರಡನ್ನೂ ಹಿಡಿತಕ್ಕೆ ತರೋದು ಹೇಗೆ? ಸ್ಪಿನ್ ಮಾಡಬೇಕಾ? ಕಾಲೇಜಿನಲ್ಲಿ ಆಫ್ ಸ್ಪಿನ್ ಹಾಕುತ್ತಿದ್ದೆ, ಅದರಿಂದ ಏನಾದರೂ ಉಪಯೋಗ ಇದೆಯಾ?

ಲೆಗ್‌ಬ್ರೇಕ್_ಲೋಕೇಶ

ಅಂಡರ್‌ಆರ್ಮ್ ಅಂದರೆ ನಮಗೆ ಗೊತ್ತಿರೋದು ಒಂದೇ. 1981, ಮೆಲ್ಬರ್ನ್, ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿದ ಟ್ರೆವರ್ ಚಾಪೆಲ್. ಆ ದಾರಿ ಹಿಡಿಯಬೇಡ ಗುರೂ.

ಸನ್ನಿವೇಲ್_ಸೋಮಾರಿ

ಲೋಕೇಶಣ್ಣ ಶುರು ಮಾಡಿದರು ನೋಡಿ 😀

ದಾವಣಗೆರೆಯವರೇ, ನಾನು ಇಲ್ಲಿ ಬೇ ಏರಿಯಾದಲ್ಲಿ ಕೆಲವು ವರ್ಷದಿಂದ ಪಿಚ್ ಮಾಡುತ್ತಿದ್ದೇನೆ. ಮೊದಲು ರೂಲ್ಸ್ ಸರಿ ಮಾಡಿಕೊಳ್ಳಿ. ಅರ್ಧ ಇಲ್ಲೀಗಲ್ ಅಲ್ಲೇ ನಿಲ್ಲುತ್ತವೆ.

ಪಿಚಿಂಗ್ ರಬ್ಬರ್‌ನಿಂದ (ಪಿಚರ್ ಕಾಲಿಡುವ ಪಟ್ಟಿ) ಹೋಮ್ ಪ್ಲೇಟ್‌ಗೆ 50 ಅಡಿ. ರಬ್ಬರ್ ಮೇಲೆ ಒಂದು ಪಾದ ಇರಲೇಬೇಕು, ಚೆಂಡು ಕೈ ಬಿಡುವವರೆಗೂ ಅದು ಅಲ್ಲಿಂದ ಏಳಬಾರದು. ಇನ್ನೊಂದು ಕಾಲನ್ನು ಮುಂದಿಡಿ, ಹಿಂದಿಡಿ, ಇಡದೇ ಇರಿ, ನಿಮ್ಮಿಷ್ಟ. ಚೆಂಡನ್ನು ಮೈ ಮುಂದೆ ಹಿಡಿದು ಪೂರ್ತಿ ನಿಲ್ಲಬೇಕು, ಕಡಿಮೆ ಅಂದರೂ 1 ಸೆಕೆಂಡ್. ನಮ್ಮವರು ಇಲ್ಲೇ ಸಿಕ್ಕಿಬೀಳೋದು. ಬೌಲಿಂಗ್ ಅಭ್ಯಾಸದಿಂದ ನಡೆದುಕೊಂಡು ಬಂದು ಹಾಗೇ ಕೈ ಬೀಸಿಬಿಡುತ್ತಾರೆ. ನಿಂತು, ಉಸಿರು ಬಿಟ್ಟು, ಆಮೇಲೆ ಬೀಸಿ. ಕೈ ಮುಂದಕ್ಕೆ ಬರುವಾಗ ಸೊಂಟ ದಾಟಿದ ಮೊದಲ ಸಲವೇ ಚೆಂಡು ಬಿಡಬೇಕು. ಸುಳ್ಳು ಸುಳ್ಳೇ ಬೀಸಿ ಮತ್ತೆ ಹಿಂದಕ್ಕೆ ಎಳೆಯೋ ಹಾಗಿಲ್ಲ.

ಇನ್ನು ಆರ್ಕ್, ಅಂದರೆ ಚೆಂಡು ಏರಿ ಇಳಿಯುವ ಬಿಲ್ಲಿನಂಥ ದಾರಿ. ಚೆಂಡು ನೆಲದಿಂದ ಕನಿಷ್ಠ ಇಷ್ಟು ಎತ್ತರ ಹೋಗಬೇಕು, ಇದಕ್ಕಿಂತ ಜಾಸ್ತಿ ಹೋಗಬಾರದು ಅಂತ ಎರಡು ಗೆರೆ ಇರುತ್ತವೆ. ಕೆಲವು ಲೀಗ್‌ನಲ್ಲಿ 6 ರಿಂದ 12 ಅಡಿ, ಕೆಲವು ಕಡೆ 6 ರಿಂದ 10. ನಿಮ್ಮ ಲೀಗ್‌ನದ್ದು ಯಾವುದು ಅಂತ ಆಟಕ್ಕೆ ಮುಂಚೆ ಅಂಪೈರ್ ಹತ್ತಿರವೇ ಕೇಳಿ, ಅವರು ಬೇಜಾರು ಮಾಡಿಕೊಳ್ಳಲ್ಲ. ಇಲ್ಲೀಗಲ್ ಅಂತ ಕೂಗಿದ ಚೆಂಡನ್ನೂ ಬ್ಯಾಟರ್ ಹೊಡೆಯಬಹುದು. ಹೊಡೆದರೆ ಆಟ ಮುಂದುವರಿಯುತ್ತದೆ, ಬಿಟ್ಟರೆ ಬಾಲ್ (ತಪ್ಪು ಚೆಂಡು) ಲೆಕ್ಕಕ್ಕೆ ಹೋಗುತ್ತದೆ.

ನನ್ನ ಲೆಕ್ಕದ ಚಟಕ್ಕೆ ಒಂದು ಲೆಕ್ಕ ಹಾಕಿದ್ದೆ (ಗಾಳಿ ತಡೆ ಬಿಟ್ಟು, ಕೈಯಿಂದ 3 ಅಡಿ ಎತ್ತರದಲ್ಲಿ ಚೆಂಡು ಹೊರಡುತ್ತದೆ ಅಂದುಕೊಂಡು). 6 ಅಡಿ ಆರ್ಕ್ ಇದ್ದರೆ ಚೆಂಡು ಪ್ಲೇಟ್ ಹತ್ತಿರ ನೆಲಕ್ಕೆ ಬರೋಕೆ 1 ಸೆಕೆಂಡಿಗಿಂತ ಒಂಚೂರು ಜಾಸ್ತಿ ಹಿಡಿಯುತ್ತದೆ. ಇಳಿಯೋ ಕೋನ ಸುಮಾರು 22 ಡಿಗ್ರಿ. 12 ಅಡಿ ಆರ್ಕ್‌ಗೆ 1.6 ಸೆಕೆಂಡ್, ಕೋನ ಸುಮಾರು 42 ಡಿಗ್ರಿ. ವ್ಯತ್ಯಾಸ ನೋಡಿ. 22 ಡಿಗ್ರಿಯ ಚೆಂಡು ಬ್ಯಾಟ್ ಬೀಸುವ ದಾರಿಯಲ್ಲೇ ತುಂಬ ಹೊತ್ತು ಇರುತ್ತದೆ. ಸ್ವಲ್ಪ ಬೇಗ ಬೀಸಿದರೂ ತಗಲುತ್ತದೆ, ತಡವಾದರೂ ತಗಲುತ್ತದೆ. 42 ಡಿಗ್ರಿಯದ್ದು ಮೇಲಿಂದ ಬಂದು ಆ ದಾರಿಯನ್ನು ಅಡ್ಡ ಹಾಯ್ದು ಹೋಗುತ್ತದೆ. ಒಂಚೂರು ಹೆಚ್ಚುಕಮ್ಮಿ ಆದರೂ ಚೆಂಡಿನ ತಲೆಗೋ ಬುಡಕ್ಕೋ ಬ್ಯಾಟ್ ಬೀಳುತ್ತದೆ. ಒಂದು ಗ್ರೌಂಡರ್ (ನೆಲದ ಮೇಲೆ ಉರುಳೋದು), ಇನ್ನೊಂದು ಪಾಪ್ ಅಪ್ (ನೆಟ್ಟಗೆ ಮೇಲೇಳೋದು). ಹಾಗಾಗಿ ನಿಮ್ಮ ಲೀಗ್ ಬಿಡುವಷ್ಟೂ ಎತ್ತರ ಹೋಗಿ.

ಡಾಲಸ್_ದಾವಣಗೆರೆ

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್. ಆ 1 ಸೆಕೆಂಡ್ ನಿಲ್ಲುವ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಲೀಗ್‌ನಲ್ಲಿ ಪ್ಲೇಟ್ ಹಿಂದೆ ಮ್ಯಾಟ್ ಹಾಸುತ್ತಾರೆ, ಚೆಂಡು ಮ್ಯಾಟ್‌ಗೆ ತಗಲಿದರೆ ಸ್ಟ್ರೈಕ್ (ಸರಿಯಾದ ಚೆಂಡು, ಮೂರಾದರೆ ಬ್ಯಾಟರ್ ಔಟ್).

ಎತ್ತರ ಹೋಗಿ ಅಂತ ಹೇಳೋದು ಸರಿ, ಆದರೆ ಎತ್ತರ ಹೋದಷ್ಟೂ ಎಲ್ಲಿ ಬೀಳುತ್ತದೋ ಗೊತ್ತಾಗಲ್ಲ. ಆ ಮ್ಯಾಟನ್ನೇ ನೆಟ್ಟ ಕಣ್ಣಿಂದ ನೋಡಿಕೊಂಡು ಹಾಕುತ್ತೇನೆ. ಆದರೂ ಇಲ್ಲ.

ವಿಂಡ್‌ಮಿಲ್_ಅಕ್ಕ

ಮ್ಯಾಟ್ ನೋಡಬೇಡಪ್ಪಾ! ಅದೇ ತೊಂದರೆ.

ನಾನು ಮೈಸೂರಿನಲ್ಲಿ ಕಾಲೇಜ್ ಟೀಮಿಗೆ ಆಡಿದ್ದು ಫಾಸ್ಟ್ ಪಿಚ್. ನಮ್ಮ ದೇಶದಲ್ಲಿ ಸ್ಕೂಲು ಕಾಲೇಜಿನ ಸಾಫ್ಟ್‌ಬಾಲ್ ಅಂದರೆ ಬಹುತೇಕ ಅದೇ. ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಜೋರಾಗಿ ಬಿಡೋದು. ನ್ಯೂಜೆರ್ಸಿಗೆ ಬಂದ ಮೇಲೆ ಸ್ಲೋ ಪಿಚ್ ಹಿಡಿದೆ. ಕೈಗೆ ಕಲಿಸಿದ್ದನ್ನೆಲ್ಲ ಮರೆಸೋಕೆ ಒಂದು ಸೀಸನ್ ಬೇಕಾಯಿತು. ಹಾಗಾಗಿ ಕ್ರಿಕೆಟ್ ಕೈ ಇರುವವರ ಕಷ್ಟ ನನಗೆ ಅರ್ಥ ಆಗುತ್ತದೆ.

ನೋಡೋದು ಎಲ್ಲಿ ಅಂದರೆ, ಚೆಂಡು ಎಲ್ಲಿ ತುದಿ ಮುಟ್ಟಿ ಇಳಿಯೋಕೆ ಶುರು ಮಾಡಬೇಕೋ ಅಲ್ಲಿ. ನಿನಗೂ ಪ್ಲೇಟ್‌ಗೂ ಸುಮಾರು ನಡುವೆ, ಇನ್ನೂ ಸರಿಯಾಗಿ ಹೇಳಬೇಕು ಅಂದರೆ ನಡುವಿಗಿಂತ ಒಂದೆರಡು ಅಡಿ ನಿನ್ನ ಕಡೆಗೇ. ಆ ಜಾಗದಲ್ಲಿ ಗಾಳಿಯಲ್ಲಿ ಒಂದು ಕಿಟಕಿ ಇದೆ ಅಂದುಕೋ. ಚೆಂಡನ್ನು ಅದರೊಳಗೆ ತೂರಿಸೋದು ಮಾತ್ರ ನಿನ್ನ ಕೆಲಸ. ಅಲ್ಲಿಂದ ಮುಂದೆ ಚೆಂಡು ತಾನೇ ಮ್ಯಾಟ್ ಹುಡುಕಿಕೊಂಡು ಹೋಗುತ್ತದೆ. ಮ್ಯಾಟ್ ನೋಡಿಕೊಂಡು ಹಾಕಿದರೆ ಕೈ ತಾನಾಗಿ ಮುಂದಕ್ಕೆ ತಳ್ಳುತ್ತದೆ, ಚೆಂಡು ಚಪ್ಪಟೆ ಆಗುತ್ತದೆ. ಆಗ ಅಂಪೈರ್ ಕೂಗುತ್ತಾರೆ, ನೀನು ಹೆದರಿ ಮುಂದಿನದ್ದನ್ನು ಆಕಾಶಕ್ಕೆ ಹಾಕುತ್ತೀಯ.

ಕೈ ಹೇಗಿರಬೇಕು: ಮೊಣಕೈ ಮಡಚಬೇಡ, ಮಣಿಕಟ್ಟು ಆಡಿಸಬೇಡ. ಶುರುವಿನಲ್ಲಿ ಪೂರ್ತಿ ಭುಜದಿಂದ ಬರಲಿ. ಅಂಗೈ ಮೇಲ್ಮುಖ, ಚೆಂಡು ಬೆರಳುಗಳ ಮೇಲೆ ಕೂತಿರಬೇಕು, ಅಂಗೈ ಗುಂಡಿಯಲ್ಲಿ ಅಲ್ಲ. ಬಿಡುವಾಗ ಕೈ ಎದೆಮಟ್ಟಕ್ಕೆ ಬಂದಿರಬಾರದು, ಸೊಂಟದ ಸ್ವಲ್ಪ ಮೇಲೆ ಸಾಕು. ಬಿಟ್ಟ ಮೇಲೂ ಕೈ ನಿಲ್ಲಿಸಬೇಡ, ತಲೆ ಎತ್ತರಕ್ಕೆ ಹೋಗಲಿ. ಅರ್ಧಕ್ಕೆ ಕೈ ತಡೆದವರ ಚೆಂಡೇ ಪ್ಲೇಟ್ ಮುಂದೆ ಬೀಳೋದು, ಗಮನಿಸು.

ಮನೆ ಹಿತ್ತಲಲ್ಲೋ ಪಾರ್ಕಿನಲ್ಲೋ ಅಭ್ಯಾಸ ಮಾಡು. 50 ಅಡಿ ಅಳೆದು ಒಂದು ಬಕೆಟ್ ಇಡು, ಪ್ಲೇಟ್ ಇರಬೇಕಾದ ಜಾಗದಿಂದ ಒಂದೆರಡು ಅಡಿ ಹಿಂದೆ. ನಡುವೆ ಎರಡು ಕಂಬಕ್ಕೋ ಮರಕ್ಕೋ 8 ಅಡಿ ಎತ್ತರದಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟು. ಹಗ್ಗದ ಮೇಲಿಂದ ದಾಟಿಸಿ ಬಕೆಟ್ ಅಕ್ಕಪಕ್ಕ ಬೀಳಿಸು. ಬಕೆಟ್ ಒಳಗೇ ಬೀಳಬೇಕು ಅಂತ ಹಠ ಬೇಡ. ಒಂದೇ ಕಡೆ ಬೀಳುತ್ತಾ ಇದೆಯಾ ಅಂತ ನೋಡು. ಹತ್ತು ಚೆಂಡೂ ಎಡಕ್ಕೆ ಬಿದ್ದರೂ ಒಟ್ಟಿಗೆ ಬಿದ್ದರೆ ಒಳ್ಳೇದೇ, ಕಾಲು ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ಊರೆಲ್ಲಾ ಹರಡಿ ಬಿದ್ದರೆ ಇನ್ನೂ ಕೈ ಕೂತಿಲ್ಲ ಅಂತ ಅರ್ಥ.

ಲೆಗ್‌ಬ್ರೇಕ್_ಲೋಕೇಶ

ಅಕ್ಕಾ, ಹಾಗಾದರೆ ಇದು ಚೆಂಡನ್ನು ಗಾಳಿಯಲ್ಲಿ ತೇಲಿಸೋ, ಪೂರ್ತಿ ಫ್ಲೈಟಿನ ಆಟ. ನಮ್ಮ ಎರಪಳ್ಳಿ ಪ್ರಸನ್ನ ಅವರನ್ನು ಕಳಿಸಿಬಿಡಬೇಕಿತ್ತು. ಆಫ್ ಸ್ಪಿನ್ನರ್ ಬೇರೆ, 49 ಟೆಸ್ಟ್, 189 ವಿಕೆಟ್, ಬಹಳಷ್ಟು ಗಾಳಿಯಲ್ಲೇ ಬಿದ್ದವು.

ಚಿಕಾಗೋ_ಮಾಮ

ಲೋಕೇಶ, ತಮಾಷೆಗೆ ಹೇಳಿದ್ದರೂ ಸರಿಯಾಗೇ ಹೇಳಿದೆ. ಕುಂಬ್ಳೆ ತರಹ ಚಪ್ಪಟೆಯಾಗಿ ಜೋರಾಗಿ ಹಾಕಿದರೆ ಇಲ್ಲಿ ಪ್ರತಿ ಚೆಂಡೂ ಇಲ್ಲೀಗಲ್. 619 ವಿಕೆಟ್ ಇದ್ದರೂ ಅಂಪೈರ್ ಬಿಡಲ್ಲ. ಪ್ರಸನ್ನ ಆದರೆ ಹೊಂದಿಕೊಳ್ಳುತ್ತಿದ್ದರು. ಬ್ಯಾಟ್ಸ್‌ಮನ್ ಇಲ್ಲಿ ಬೀಳುತ್ತದೆ ಅಂದುಕೊಂಡ ಜಾಗಕ್ಕಿಂತ ಒಂದು ಗೇಣು ಈಚೆಗೋ ಆಚೆಗೋ ಬೀಳಿಸೋದೇ ಇಲ್ಲಿಯೂ ಕಸುಬು.

ದಾವಣಗೆರೆ ತಮ್ಮಾ, ನಾನು ಇಲ್ಲಿಗೆ ಬಂದಿದ್ದು 90ರ ದಶಕದಲ್ಲಿ. ಆಟ ಹುಟ್ಟಿದ್ದೇ ಈ ಊರಲ್ಲಿ ಗೊತ್ತಾ? 1887, ಥ್ಯಾಂಕ್ಸ್‌ಗಿವಿಂಗ್ ದಿನ, ಫ್ಯಾರಗಟ್ ಬೋಟ್ ಕ್ಲಬ್‌ನಲ್ಲಿ ಜನ ಯೇಲ್-ಹಾರ್ವರ್ಡ್ ಫುಟ್‌ಬಾಲ್ ಫಲಿತಾಂಶಕ್ಕೆ ಕಾಯುತ್ತಾ ಕೂತಿದ್ದರಂತೆ. ಯಾರೋ ಒಂದು ಬಾಕ್ಸಿಂಗ್ ಗ್ಲೌಸ್ ಎಸೆದರು, ಇನ್ನೊಬ್ಬರು ಕೋಲಿನಿಂದ ಹೊಡೆದರು. ಜಾರ್ಜ್ ಹ್ಯಾನ್‌ಕಾಕ್ ಅನ್ನುವವರು ಆ ಗ್ಲೌಸನ್ನೇ ಉಂಡೆ ಮಾಡಿ ಕಟ್ಟಿ ಆಟ ಶುರು ಮಾಡಿಸಿದರು. ಇವತ್ತಿಗೂ ಚಿಕಾಗೋದಲ್ಲಿ 16 ಇಂಚು ಸುತ್ತಳತೆಯ ದಪ್ಪ ಚೆಂಡಿನಲ್ಲಿ, ಗ್ಲೌಸ್ ಇಲ್ಲದೆ ಬರಿಗೈಯಲ್ಲಿ ಆಡುತ್ತಾರೆ. ನೀವು ಆಡೋದು 12 ಇಂಚಿನದ್ದು. ನನ್ನ ಬೆರಳು ಎರಡು ಸೊಟ್ಟಗಾಗಿರೋದು ಆ 16 ಇಂಚಿನ ಪ್ರಸಾದ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಪ್ರತಿ ಬ್ಯಾಟರನ್ನೂ ಸ್ಟ್ರೈಕ್ ಔಟ್ ಮಾಡಬೇಕು ಅಂತ ಒಳಗೊಳಗೇ ಆಸೆ ಇಟ್ಟುಕೊಂಡಿದ್ದೀಯ ಅಂತ ನನ್ನ ಗುಮಾನಿ. ಬೌಲರ್ ಬುದ್ಧಿ ಅದು. ಬಿಟ್ಟುಬಿಡು. ಸ್ಲೋ ಪಿಚ್‌ನಲ್ಲಿ ಚೆಂಡು ಬ್ಯಾಟಿಗೆ ತಗಲೇ ತಗಲುತ್ತದೆ. ಹೇಗೆ ತಗಲಬೇಕು ಅನ್ನೋದಷ್ಟೇ ನಿನ್ನ ಕೈಯಲ್ಲಿರೋದು. ಜೊತೆಗೆ ಒಂಬತ್ತು ಜನ ಸುಮ್ನೆ ನಿಂತಿಲ್ಲ, ಅವರಿಗೆ ಕೆಲಸ ಕೊಡು.

ಬ್ಯಾಟರ್ ನಿಲ್ಲುವ ಜಾಗ ನೋಡು. ಬ್ಯಾಟಿಂಗ್ ಬಾಕ್ಸ್ 7 ಅಡಿ ಉದ್ದ ಇರುತ್ತದೆ. ಹಿಂದಕ್ಕೆ ಹೋಗಿ ನಿಂತರೆ ಚೆಂಡು ಪೂರ್ತಿ ಇಳಿಯಲಿ ಅಂತ ಕಾಯುತ್ತಿದ್ದಾನೆ. ಅವನಿಗೆ ಪ್ಲೇಟಿನ ಮುಂದಿನ ಅಂಚಿಗೆ, ಸ್ವಲ್ಪ ಕಡಿಮೆ ಎತ್ತರದಲ್ಲಿ ಹಾಕು. ಚೆಂಡಿನ ಹತ್ತಿರ ಬರೋಕೆ ಬಗ್ಗಬೇಕಾಗುತ್ತದೆ, ಗ್ರೌಂಡರ್ ಬರುತ್ತದೆ. ಮುಂದೆ ಬಂದು ನಿಂತವನಿಗೆ ಎತ್ತರ ಜಾಸ್ತಿ ಮಾಡಿ ಮ್ಯಾಟಿನ ಹಿಂದಿನ ಅಂಚಿಗೆ ಬೀಳಿಸು. ಅವನು ಬೀಸುವಾಗ ಚೆಂಡು ಇನ್ನೂ ಭುಜದ ಹತ್ತಿರ ಇರುತ್ತದೆ. ನನ್ನ ಮಟ್ಟಿಗೆ ಪಿಚರ್‌ಗೆ ಬೇಕಾದ ಮೊದಲ ಚೆಂಡು ಈ ಮ್ಯಾಟಿನ ಹಿಂದಿನ ಅಂಚಿನದ್ದೇ. ಬೇರೆ ಏನೂ ಬರದಿದ್ದರೂ ಇದೊಂದು ಬಂದರೆ ಲೀಗ್ ಆಡಬಹುದು.

ಮತ್ತೆ ರಬ್ಬರ್ 24 ಇಂಚು ಅಗಲ ಇದೆ. ಯಾವಾಗಲೂ ನಡುವೆಯೇ ಯಾಕೆ ನಿಲ್ಲಬೇಕು? ಒಂದು ಸಲ ಎಡ ತುದಿ, ಒಂದು ಸಲ ಬಲ ತುದಿ. ಕೈ ಅದೇ, ಚೆಂಡು ಬರೋ ಕೋನ ಬೇರೆ.

ಬೇಸ್‌ಲೈನ್_ಬಸ್ಯಾ

ಮಾಮ, ಪ್ರಸನ್ನ ಹೋಲಿಕೆ ಕೇಳೋಕೆ ಚೆಂದ, ಆದರೆ ಅವರ ಚೆಂಡು ನೆಲಕ್ಕೆ ಬಿದ್ದು ತಿರುಗುತ್ತಿತ್ತು. ಇಲ್ಲಿ ಬೀಳೋಕೆ ಮುಂಚೆಯೇ ಹೊಡೀತಾರಲ್ವಾ. ಈ ವೇಗದಲ್ಲಿ ಸ್ಪಿನ್ ಮಾಡಿ ಏನು ಉಪಯೋಗ? ಸುಮ್ನೆ ಹೊಸಬನ ತಲೆ ಕೆಡಿಸಬೇಡಿ.

ಸನ್ನಿವೇಲ್_ಸೋಮಾರಿ

ಬಸ್ಯಾ, ಪೂರ್ತಿ ಒಪ್ಪಲ್ಲ. ತಿರುವು ಸಿಗಲ್ಲ ನಿಜ. ಆದರೆ ಸ್ಪಿನ್ ಎರಡು ಕೆಲಸ ಮಾಡುತ್ತದೆ. ಅಂಗೈ ಮೇಲ್ಮುಖ ಇಟ್ಟು ಬೆರಳ ತುದಿಯಿಂದ ಮೇಲಕ್ಕೆ ಉರುಳಿಸಿಬಿಟ್ಟರೆ ಟಾಪ್ ಸ್ಪಿನ್. ಕೊನೆಯಲ್ಲಿ ಒಂಚೂರು ಬೇಗ ಇಳಿಯುತ್ತದೆ. ಚೆಂಡನ್ನು ಮೇಲಿಂದ ಹಿಡಿದು, ಕೈಯ ಹಿಂಭಾಗ ಬ್ಯಾಟರ್ ಕಡೆ ಇಟ್ಟು ಬಿಟ್ಟರೆ ಬ್ಯಾಕ್ ಸ್ಪಿನ್. ಅದು ಒಂಚೂರು ತೇಲಿ ಹಿಂದೆ ಬೀಳುತ್ತದೆ. ವ್ಯತ್ಯಾಸ ಕಡಿಮೆಯೇ, ಆದರೆ ಪಾಪ್ ಅಪ್‌ಗೂ ಲೈನ್ ಡ್ರೈವ್‌ಗೂ (ನೇರವಾಗಿ ಚಿಮ್ಮೋ ಹೊಡೆತ) ನಡುವೆ ಇರೋದೂ ಬ್ಯಾಟಿನ ಮೇಲೆ ಒಂದಿಂಚಿನ ವ್ಯತ್ಯಾಸವೇ.

ಸ್ಪಿನ್ನೇ ಇಲ್ಲದ ನಕಲ್ ಬಾಲ್ ಕೂಡ ಇದೆ. ಬೆರಳ ಉಗುರು ಚೆಂಡಿಗೆ ಒತ್ತಿ ಹಿಡಿದು ತಳ್ಳಿಬಿಡೋದು. ಎದುರು ಗಾಳಿ ಇದ್ದರೆ ಅಲ್ಲಾಡಿಕೊಂಡು ಬರುತ್ತದೆ. ನನಗೆ ಇಂದಿಗೂ ಅದು ನೆಟ್ಟಗೆ ಬಂದಿಲ್ಲ, ಹಾಗಾಗಿ ಕಲಿಸೋ ಅಧಿಕಾರ ಇಲ್ಲ.

ವಿಂಡ್‌ಮಿಲ್_ಅಕ್ಕ

ಈ ಜಗಳದಲ್ಲಿ ನಾನು ಬಸ್ಯನ ಕಡೆ. ಮೊದಲ ಸೀಸನ್‌ಗೆ ಸ್ಪಿನ್ ಬೇಡವೇ ಬೇಡ. ಮಣಿಕಟ್ಟು ಆಡಿಸೋಕೆ ಶುರು ಮಾಡಿದ ಕೂಡಲೇ ಎತ್ತರ ಕೈತಪ್ಪುತ್ತದೆ. ಆಫ್ ಸ್ಪಿನ್ ಹಾಕಿದವನಿಗಂತೂ ಇನ್ನೂ ಕಷ್ಟ, ಬೆರಳು ಸುಮ್ನಿರಲ್ಲ. ಕಣ್ಣು ಮುಚ್ಚಿದರೂ ಮ್ಯಾಟಿಗೆ ಬೀಳುವ ಹಾಗಾಗಲಿ, ಆಮೇಲೆ ಸನ್ನಿವೇಲ್ ಹತ್ತಿರ ಪಾಠಕ್ಕೆ ಹೋಗಲಿ.

ಇನ್ನೊಂದು ಮಾತು, ಇದನ್ನು ಯಾರೂ ಇನ್ನೂ ಬರೆದಿಲ್ಲ ಅಂತ ನನಗೆ ಸಿಟ್ಟು ಬರುತ್ತಿದೆ. ನೆಟ್ಟಗೆ ನನ್ನ ಕಡೆಗೇ ಬಾರಿಸುತ್ತಾರೆ ಅಂತ ಅವನು ಮೊದಲನೇ ಪೋಸ್ಟ್‌ನಲ್ಲೇ ಬರೆದಿದ್ದಾನೆ. ನೀವೆಲ್ಲಾ ಪ್ರಸನ್ನ, ಕುಂಬ್ಳೆ ಅಂತ ಕೂತಿದ್ದೀರ. ತಮ್ಮಾ, ನೀನು ಫೇಸ್ ಮಾಸ್ಕ್ ಹಾಕುತ್ತೀಯಾ ಇಲ್ಲವಾ?

ಡಾಲಸ್_ದಾವಣಗೆರೆ

ಇಲ್ಲ ಅಕ್ಕ. ನಮ್ಮ ಲೀಗ್‌ನಲ್ಲಿ ಗಂಡಸರು ಯಾರೂ ಹಾಕಲ್ಲ. ಹಾಕಿದರೆ ನಗುತ್ತಾರೇನೋ ಅಂತ...

ವಿಂಡ್‌ಮಿಲ್_ಅಕ್ಕ

ನಗಲಿ. ಹಲ್ಲು ನಿನ್ನದು.

ಸ್ವಲ್ಪ ಲೆಕ್ಕ ನೋಡು. ಈಗಿನ ಬ್ಯಾಟುಗಳು ಕಾಂಪೋಸಿಟ್ (ಕಾರ್ಬನ್ ನಾರಿನಂಥವುಗಳಿಂದ ಮಾಡಿದವು). ಅವುಗಳಿಗೆ ಮಿತಿ ಇರಲಿ ಅಂತಲೇ ಎಎಸ್‌ಎ (ಅಮೆರಿಕದ ಸಾಫ್ಟ್‌ಬಾಲ್ ಸಂಸ್ಥೆ) 2004ರಲ್ಲಿ ಹೊಡೆದ ಚೆಂಡಿನ ವೇಗಕ್ಕೆ ಗಂಟೆಗೆ 98 ಮೈಲಿಯ ಒಂದು ಮಾನದಂಡ ತಂದಿತು. ಅಂದರೆ ಸುಮಾರು 158 ಕಿಲೋಮೀಟರ್. ಆ ವೇಗದಲ್ಲಿ 50 ಅಡಿ ಬರೋಕೆ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅಷ್ಟರಲ್ಲಿ ಕಣ್ಣು ನೋಡಬೇಕು, ಗ್ಲೌಸ್ ಏಳಬೇಕು. ನೀನು ಹಾಕಿದ ಚೆಂಡು 1.6 ಸೆಕೆಂಡ್ ತಗೊಂಡು ಹೋಗಿತ್ತು, ವಾಪಸ್ ಬರೋದು ಅದರ ಐದನೇ ಒಂದು ಭಾಗದಲ್ಲಿ.

ಹಾಗಾಗಿ ಚೆಂಡು ಕೈ ಬಿಟ್ಟ ಕ್ಷಣವೇ ಹಿಂದಕ್ಕೆ ಸರಿ. ಎರಡು ಮೂರು ಹೆಜ್ಜೆ, ಬೆನ್ನು ತಿರುಗಿಸದೆ. ಆರ್ಕ್ ಎತ್ತರ ಇದ್ದರೆ ಇದಕ್ಕೂ ಟೈಮ್ ಸಿಗುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಗ್ಲೌಸ್ ಎದೆ ಮುಂದೆ, ಕಣ್ಣು ಬ್ಯಾಟಿನ ಮೇಲೆ. ಹಾಕಿದ ಚೆಂಡು ಎಷ್ಟು ಚೆನ್ನಾಗಿತ್ತು ಅಂತ ನೋಡುತ್ತಾ ನಿಲ್ಲಬೇಡ. ಎಷ್ಟೋ ಪಿಚರ್‌ಗಳಿಗೆ ಪೆಟ್ಟಾಗೋದು ಆ ಮೋಹದಲ್ಲೇ. ಮಾಸ್ಕ್ ಜೊತೆ ಶಿನ್ ಗಾರ್ಡ್ ಹಾಕುವವರೂ ಇದ್ದಾರೆ, ಎದೆಗೆ ಗಾರ್ಡ್ ಕಟ್ಟುವವರೂ ಇದ್ದಾರೆ. ಮಾಸ್ಕ್ ಮಾತ್ರ ಕಡ್ಡಾಯ ಅಂದುಕೋ, ಲೀಗ್ ಹೇಳದಿದ್ದರೂ.

ಚಿಕಾಗೋ_ಮಾಮ

ಅಕ್ಕ ಹೇಳಿದ್ದಕ್ಕೆ ಎರಡು ಮಾತಿಲ್ಲ. ನಾನು ಮೊದಲೇ ಬರೆಯಬೇಕಿತ್ತು. ಹಿಂದೆ ಸರಿದ ಮೇಲೆ ಪಿಚರ್ ಇನ್‌ಫೀಲ್ಡಿನ (ಒಳಗಿನ ಮೈದಾನದ) ಐದನೇ ಆಳು. ಮೆತ್ತಗೆ ಬಂದ ಗ್ರೌಂಡರ್ ಎಲ್ಲಾ ಅವನದ್ದೇ.

ಥೇಮ್ಸ್_ತುಂಗೆ

ಲಂಡನ್ನಿನಿಂದ ಒಂದು ಮಾತು. ನಮ್ಮಲ್ಲಿ ಕೋ-ಎಡ್ ಅಂದರೆ ಐದು ಗಂಡಸರು, ಐದು ಹೆಂಗಸರು, ಬ್ಯಾಟಿಂಗ್ ಒಬ್ಬರಾದ ಮೇಲೆ ಒಬ್ಬರು. ಅನೇಕ ಕೋ-ಎಡ್ ಲೀಗ್‌ಗಳಲ್ಲಿ ಗಂಡಸಿಗೆ ವಾಕ್ ಕೊಟ್ಟರೆ ಅವನು ಸೀದಾ ಎರಡನೇ ಬೇಸ್‌ಗೆ ಹೋಗುತ್ತಾನೆ. ಚೆನ್ನಾಗಿ ಹೊಡೆಯೋ ಗಂಡಸಿಗೆ ಬೇಕಂತಲೇ ವಾಕ್ ಕೊಟ್ಟು ಮುಂದಿನ ಹೆಂಗಸಿಗೆ ಹಾಕೋಣ ಅನ್ನುವ ಜಾಣತನಕ್ಕೆ ಕಡಿವಾಣ ಅದು. ದಾವಣಗೆರೆಯವರೇ, ನಿಮ್ಮ ಲೀಗ್‌ನಲ್ಲೂ ಈ ರೂಲ್ ಇದೆಯಾ ಕೇಳಿಕೊಳ್ಳಿ. ಇದ್ದರೆ ನಿಮ್ಮ ಪ್ರತಿ ವಾಕ್ ಬೆಲೆ ಎರಡು ಬೇಸ್!

ಅಂದ ಹಾಗೆ, ಹೆಂಗಸರು ಬಂದ ಕೂಡಲೇ ಫೀಲ್ಡರ್‌ಗಳನ್ನೆಲ್ಲಾ ಒಳಗೆ ಕರೆದು, ಮೆತ್ತಗೆ ನಡುವೆ ಹಾಕುವ ಪಿಚರ್‌ಗಳಿದ್ದಾರೆ. ಅಂಥವರ ತಲೆ ಮೇಲೆ ಹೊಡೆಯೋದು ನನಗೆ ಬಹಳ ಇಷ್ಟ.

ವಿಂಡ್‌ಮಿಲ್_ಅಕ್ಕ

👏👏 ಅದೇ ಸುಖ.

ಡಾಲಸ್_ದಾವಣಗೆರೆ

ಅಪ್‌ಡೇಟ್ ಕೊಡುತ್ತಿದ್ದೇನೆ. ಕೇಳಿದೆ, ನಮ್ಮ ಲೀಗ್ 6 ರಿಂದ 12 ಅಡಿ. ಎರಡು ಬೇಸ್ ವಾಕ್ ರೂಲ್ ಕೂಡ ಇದೆ, ನಮ್ಮ ಕ್ಯಾಪ್ಟನ್ ಮುಖ ಯಾಕೆ ಅಷ್ಟು ಕೆಂಪಾಗುತ್ತಿತ್ತು ಅಂತ ಈಗ ಗೊತ್ತಾಯಿತು.

ಅಕ್ಕ ಹೇಳಿದ ಹಾಗೆ ಪಾರ್ಕಿನಲ್ಲಿ ಹಗ್ಗ ಕಟ್ಟಿ ಹಾಕಿದೆ. ಗಾಳಿಯಲ್ಲಿ ಕಿಟಕಿ ನೋಡೋದು ಮೊದಲು ಹುಚ್ಚಾಟ ಅನ್ನಿಸಿತು, ಆದರೆ ಕೆಲಸ ಮಾಡುತ್ತದೆ. ನಿನ್ನೆ ಆಟದಲ್ಲಿ ವಾಕ್ ಕೊಟ್ಟಿದ್ದೇನೆ, ಇಲ್ಲ ಅನ್ನಲ್ಲ, ಆದರೆ ಇಲ್ಲೀಗಲ್ ಒಂದೂ ಇಲ್ಲ. ಒಬ್ಬ ದಾಂಡಿಗ ಬಾಕ್ಸಿನ ಮುಂದೆ ಬಂದು ನಿಂತ. ಮಾಮನ ಮಾತು ನೆನೆಸಿಕೊಂಡು ಮ್ಯಾಟಿನ ಹಿಂದಿನ ಅಂಚಿಗೆ ಎತ್ತಿ ಹಾಕಿದೆ. ಜೋರಾಗಿ ಬೀಸಿದ, ಚೆಂಡು ಅವನ ತಲೆ ಮೇಲೇ ಎದ್ದು ಶಾರ್ಟ್‌ಸ್ಟಾಪ್ (ಎರಡು-ಮೂರನೇ ಬೇಸ್ ನಡುವಿನ ಫೀಲ್ಡರ್) ಕೈಗೆ ಬಂತು. ಬ್ಯಾಟ್ ನೆಲಕ್ಕೆ ಕುಕ್ಕಿ ಏನೋ ಬೈಕೊಂಡು ಹೋದ. ಆಹಾ!

ಮಾಸ್ಕ್ ತಗೊಂಡೆ. ಒಬ್ಬರೂ ನಗಲಿಲ್ಲ. ಎದುರು ಟೀಮಿನ ಪಿಚರ್ ಎಲ್ಲಿ ತಗೊಂಡಿರಿ ಅಂತ ಬಂದು ಕೇಳಿದರು.

ಒಂದು ಪ್ರಶ್ನೆ ಉಳಿದಿದೆ. ಇಲ್ಲಿ ಸಂಜೆ ಗಾಳಿ ಜೋರು. ಮೂರನೇ ಇನ್ನಿಂಗ್ಸ್‌ವರೆಗೆ ಸರಿಯಾಗಿ ಬೀಳುತ್ತಿದ್ದದ್ದು ಆಮೇಲೆ ಎಲ್ಲಾ ಪ್ಲೇಟ್ ಮುಂದೆ ಬೀಳೋಕೆ ಶುರುವಾಯಿತು.

ಸನ್ನಿವೇಲ್_ಸೋಮಾರಿ

ಗಾಳಿ ನಿಮ್ಮ ಮುಖಕ್ಕೆ ಬರುತ್ತಿದೆ ಅಂತ ಅರ್ಥ. ಎದುರು ಗಾಳಿಗೆ ಚೆಂಡು ನಿಂತು, ಕಡಿದಾಗಿ ಇಳಿಯುತ್ತದೆ. ಕಿಟಕಿಯನ್ನು ಒಂದು ಅಡಿ ಪ್ಲೇಟ್ ಕಡೆಗೆ ಸರಿಸಿಕೊಳ್ಳಿ, ಎತ್ತರ ಹಾಗೇ ಇರಲಿ. ಬೆನ್ನ ಹಿಂದಿನಿಂದ ಬಂದರೆ ಉಲ್ಟಾ ಮಾಡಿ. ಇನ್ನಿಂಗ್ಸ್ ಶುರುವಾಗುವ ಮುಂಚೆ ಒಂದು ಚಿಟಿಕೆ ಮಣ್ಣು ಬಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ. ಪಿಚರ್‌ಗೆ ನಿಜಕ್ಕೂ ಬೇಕಾದದ್ದು ಎದುರು ಗಾಳಿಯೇ, ಅದಕ್ಕೆ ಹೆದರಬೇಡಿ. ಅದೇ ಗಾಳಿ ಬ್ಯಾಟರ್‌ಗೆ ಬೆನ್ನ ಹಿಂದಿನಿಂದ ಬೀಸುತ್ತದೆ, ಎತ್ತಿ ಹೊಡೆದದ್ದು ಇನ್ನೂ ದೂರ ಹೋಗುತ್ತದೆ, ಅಷ್ಟು ನೆನಪಿರಲಿ.

ಬೇಸ್‌ಲೈನ್_ಬಸ್ಯಾ

ಎಡಗೈನವರಿಗೆ ಇದರಲ್ಲಿ ಏನಾದರೂ ಬೇರೆ ಇದೆಯಾ? ಮುಂದಿನ ಸೀಸನ್ ನಮ್ಮ ಟೀಮಲ್ಲಿ ನನ್ನ ತಲೆಗೆ ಕಟ್ಟೋ ಹಾಗೆ ಕಾಣಿಸುತ್ತಿದೆ.

ವಿಂಡ್‌ಮಿಲ್_ಅಕ್ಕ

ಏನೂ ಬೇರೆ ಇಲ್ಲ. ಕಿಟಕಿ ಅದೇ, ಹಗ್ಗ ಅದೇ, ಮಾಸ್ಕ್ ಅದೇ. ಗ್ಲೌಸ್ ಮಾತ್ರ ಬಲಗೈದು ಈಗಲೇ ಹುಡುಕಿಕೋ, ಟೀಮಿನ ಬ್ಯಾಗಿನಲ್ಲಿ ಇರೋದೆಲ್ಲಾ ಎಡಗೈಗೆ ಹಾಕೋವೇ.